ಮಂಜಿನ ಕೆಳಗಿನ ಅರ್ಜಿ

ಆ ದಿನ ಬೆಳಿಗ್ಗೆ ಊರಿನ ಮೇಲೆ ಬಿದ್ದಿದ್ದ ಮಂಜು ಎಂಥದ್ದೆಂದರೆ, ರಸ್ತೆಯಲ್ಲಿ ಬಸ್ಸುಗಳು ಒಂದಕ್ಕೊಂದು ಕೆಮ್ಮಿ ಗುರುತು ಹೇಳಿಕೊಂಡು ಮುಂದೆ ಸಾಗುತ್ತಿದ್ದವು. ಎದುರುಮನೆ ಕಾಣುತ್ತಿರಲಿಲ್ಲ; ಎದುರುಮನೆಯವರ ಜಗಳ ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು. ಭಗವಂತ ಯಾಕೋ ಲೋಕದ ಮೇಲೆ ಬಿಳಿ ಪರದೆ ಎಳೆದು, ‘ಸ್ವಲ್ಪ ಹೊತ್ತು ಏನನ್ನೂ ನೋಡಬೇಡಿ, ಸುಮ್ಮನೆ ಕೂತಿರಿ ಮಕ್ಕಳೇ’ ಅಂದಂತಿತ್ತು. ಅವನ ಮಾತನ್ನು ಯಾರೂ ಕೇಳಲಿಲ್ಲ. ಎಲ್ಲರೂ ಫೋನು ತೆಗೆದು ಮಂಜಿನ ಫೋಟೋ ಹೊಡೆದರು. ಗ್ರಹಚಾರ ಶುರುವಾದದ್ದು ಅಲ್ಲಿಂದ.

ಸಾರಾಂಶಪ್ಪನಿಗೆ ಆಗ ಅದು ಗೊತ್ತಿರಲಿಲ್ಲ. ಅವನು ಅಡುಗೆಮನೆ ಬಾಗಿಲಿಗೆ ಒರಗಿ, ಹೆಂಡತಿ ತನ್ನ ಹೊಸ ನೀಲಿ ಅಂಗಿಯ ಕಾಲರಿಗೆ ಇಸ್ತ್ರಿ ಒತ್ತುವುದನ್ನು ನೋಡುತ್ತ ನಿಂತಿದ್ದ. ಹನ್ನೊಂದು ತಿಂಗಳ ತರಬೇತಿ ಮುಗಿಸಿ ಆಕೆ ಅವತ್ತು ಮೊದಲ ಸಲ ತಾನೊಬ್ಬಳೇ ಬಸ್ಸು ಓಡಿಸುವವಳಿದ್ದಳು. ಈ ಹನ್ನೊಂದು ತಿಂಗಳೂ ಊಟವಾದ ಮೇಲೆ ಆಕೆ ಸ್ಟೂಲಿನ ಮೇಲೆ ಕೂತು, ದೊಡ್ಡ ಪಾತ್ರೆಯ ಮುಚ್ಚಳ ಹಿಡಿದು ತಿರುವು ತೆಗೆಯುವುದು, ಅವನು ಹಿಂದೆ ನಿಂತು ‘ಬರ್ಲಿ ಬರ್ಲಿ, ನಿಲ್ಸು’ ಅನ್ನುವುದು ಮನೆಯ ನಿತ್ಯಪೂಜೆಯಂತೆ ನಡೆದಿತ್ತು.

“ಮೂರೂ ಇಪ್ಪತ್ತಕ್ಕೆ. ನಿಮ್ಮ ಆಫೀಸಿನ ಎದುರಿನ ಸ್ಟ್ಯಾಂಡಿಂದಲೇ. ಹನ್ನೆರಡನೇ ನಂಬರು,” ಎಂದಳು.

“ನಿನ್ನೆಯಿಂದ ಎಂಟು ಸಲ ಹೇಳಿದ್ದೀಯ.”

“ಎಂಟು ಸಲ ಹೇಳಿದ್ರೆ ನಿಮ್ಮ ತಲೆಗೆ ಅರ್ಧ ಸಲ ಹೋಗುತ್ತೆ. ಅಲ್ಲಿ ಜಾಗ ಎಲ್ಲಿದೆ? ತುಂಬ ಬರೀ ಮೆಸೇಜು.” ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ಆಕೆ ಅವನ ಮುಖ ನೋಡಿದಳು. “ತಮಾಷೆಗಲ್ಲ ಕಣ್ರೀ. ನನ್ನ ಹಿಂದಿನ ಸೀಟಲ್ಲಿ ನೀವು ಕೂತಿರ್ಬೇಕು. ನೀವು ‘ಬರ್ಲಿ ಬರ್ಲಿ’ ಅನ್ನೋದು ಬೇಡ. ಕೂತಿದ್ರೆ ಸಾಕು.”

“ಕೂತಿರ್ತೀನಿ. ಅರ್ಧ ದಿನ ರಜೆಗೆ ಅರ್ಜಿ ಕಳಿಸಿದ್ದೀನಿ, ಮೂರು ಸಲ.”

ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಅವನು ರಜೆ ಕೇಳಿದ್ದು ಅದೇ ಮೊದಲು.

ನೀರು ಸರಬರಾಜು ಕಚೇರಿಯ ಎರಡನೇ ಮಹಡಿಯಲ್ಲಿ ಅವನ ಮೇಜು. ಹೆತ್ತವರು ಇಟ್ಟ ಹೆಸರು ಬೇರೆ. ಅದು ಈಗ ಹಾಜರಿ ಪುಸ್ತಕದಲ್ಲಿ ಮಾತ್ರ ಉಸಿರಾಡುತ್ತಿತ್ತು. ಐದು ಮಹಡಿಯ ಆ ಕಚೇರಿಯಲ್ಲಿ ಮೆಸೇಜಿನ ಗುಂಪುಗಳು ಇಪ್ಪತ್ತೇಳು. ಪಂಪಿನವರದ್ದೊಂದು, ಪೈಪಿನವರದ್ದೊಂದು, ಪಂಪು-ಪೈಪು ಇಬ್ಬರದ್ದೂ ಸೇರಿ ಒಂದು, ಆ ಗುಂಪಿನಲ್ಲಿ ಜಗಳವಾದ ಮೇಲೆ ಜಗಳವಾಡದವರದ್ದೊಂದು. ಎಲ್ಲವನ್ನೂ ಎಲ್ಲರಿಗೂ ಕಳಿಸುವುದು ಅಲ್ಲಿನ ಶಿಷ್ಟಾಚಾರ. ಓದುವುದು ಯಾರ ಕೈಲೂ ಆಗದ ಮೇಲೆ, ಎಲ್ಲವನ್ನೂ ಓದಿ ಹತ್ತೇ ಸಾಲಿಗೆ ಭಟ್ಟಿ ಇಳಿಸುವ ಕೆಲಸವನ್ನು ಇವನಿಗೆ ಕಟ್ಟಿದರು. ದಿನಕ್ಕೊಂದು ಹಾಳೆ, ಪ್ರತಿ ಮಹಡಿಯ ಲಿಫ್ಟಿನ ಪಕ್ಕದಲ್ಲಿ ಒಂದು ಪ್ರತಿ. ಹಾಳೆಗೆ ಒಂದು ಕಟ್ಟುನಿಟ್ಟು: ಹೆಸರು ಬರೆಯುವಂತಿಲ್ಲ, ಹುದ್ದೆ ಮಾತ್ರ. ಒಮ್ಮೆ ಹೆಸರು ಬರೆದಾಗ, ಎರಡನೆಯದಾಗಿ ಹೆಸರು ಬಂದವರೊಬ್ಬರು ಮೊದಲನೆಯದಾಗಿ ಬಂದವರ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದರು.

ಅವತ್ತು ಮೇಜಿಗೆ ಬಂದು ಫೋನು ನೋಡಿದರೆ ಸಾವಿರದ ನೂರ ನಲವತ್ತಮೂರು ಮೆಸೇಜು. ತೆರೆದ. ಒಂದು ಬಿಳಿ ಚೌಕ. ಕೆಳಗೆ, ‘ನಮ್ಮ ಕಡೆ ಮಂಜು.’ ಇನ್ನೊಂದು ಬಿಳಿ ಚೌಕ. ‘ನಮ್ಮ ಕಡೆಯೂ.’ ಮತ್ತೊಂದು. ‘ನಮ್ಮ ಮನೆ ಇದರ ಹಿಂದೆ ಇದೆ.’ ಸುಣ್ಣ ಬಳಿದ ಗೋಡೆಯ ಮೇಲೆ ಇರುವೆ ಹುಡುಕುವವನಂತೆ ಅವನು ಬೆರಳಾಡಿಸುತ್ತಲೇ ಹೋದ. ಎಲ್ಲೋ ಒಂದು ಕೆಲಸದ ಸುದ್ದಿ, ಅದರ ಮೇಲೆ ಎಪ್ಪತ್ತು ಮಂಜು. ತನ್ನ ರಜೆ ಅರ್ಜಿ ಇದರಲ್ಲಿ ಎಲ್ಲಿ ಮುಳುಗಿದೆಯೋ ಎಂದುಕೊಂಡ.

ಪಕ್ಕದ ಮೇಜಿನ ಟಪಾಲಮ್ಮ, ಅಂದರೆ ಕಚೇರಿಯ ಟಪಾಲು ನೋಡಿಕೊಳ್ಳುವಾಕೆ, ಅವನನ್ನು ಕನ್ನಡಕದ ಮೇಲಿಂದ ಅಳೆದಳು.

“ಏನು, ಇವತ್ತು ಬಿಳಿ ಅಂಗಿ? ತಲೆಗೆ ಎಣ್ಣೆ ಬೇರೆ!”

“ಮಧ್ಯಾಹ್ನ ರಜೆ ಕೇಳಿದ್ದೀನಿ ಕಣಮ್ಮ. ಸ್ವಲ್ಪ ಕೆಲಸ.”

“ರಜೆ? ನೀವು?”

“ಯಾಕೆ, ನಾನು ಕೇಳಬಾರದಾ?”

“ಕೇಳಿ, ಕೇಳಿ,” ಎನ್ನುತ್ತ ಆಕೆ ಖಾಲಿ ಲೋಟ ಹಿಡಿದು ಎದ್ದಳು. ಚಹಾ ಸಿಗುವುದು ಅದೇ ಮಹಡಿಯಲ್ಲಿ. ಆಕೆ ಯಾಕೋ ಮೇಲಿನ ಮಹಡಿಗೆ ಹತ್ತಿದಳು.

ಅಷ್ಟರಲ್ಲಿ ದೊಡ್ಡ ಸಾಹೇಬರು ಮೊಗಸಾಲೆಯಲ್ಲಿ ಬಿರಬಿರನೆ ಬಂದರು. “ಇದ್ದೀರಾ? ಒಳ್ಳೇದಾಯ್ತು. ಇವತ್ತು ಮೆಸೇಜಿನ ಪ್ರವಾಹ. ಒಂದು ಹಾಳೆ ಸಾಲೋದಿಲ್ಲ. ಮೂರು ಬೇಕು. ಹತ್ತಕ್ಕೆ, ಹನ್ನೆರಡೂವರೆಗೆ, ಎರಡೂವರೆಗೆ.”

“ಸಾರ್, ನನ್ನದೊಂದು ರಜೆ...”

“ಗ್ರೂಪಿಗೆ ಹಾಕಿ, ನೋಡ್ತೀನಿ.” ಲಿಫ್ಟಿನ ಬಾಗಿಲು ಮುಚ್ಚಿತು.

ಗಂಟೆ ಒಂಬತ್ತೂ ನಲವತ್ತು. ಸಾರಾಂಶಪ್ಪ ಕಣ್ಣು ಮುಚ್ಚಿ ಒಂದು ಕ್ಷಣ ದೇವರನ್ನು ನೆನೆದ. ಕಣ್ಣು ತೆರೆದಾಗ ಲಿಫ್ಟು ವಾಪಸು ಬಂದು ಬಾಗಿಲು ತೆರೆದಿತ್ತು. ಒಳಗೆ ಲಿಫ್ಟಕ್ಕ ಕೂತಿದ್ದಳು. ಹತ್ತೊಂಬತ್ತು ವರ್ಷದಿಂದ ಅದೇ ಸ್ಟೂಲು, ಕೈಯಲ್ಲಿ ಅದೇ ಉಣ್ಣೆ, ಅದೇ ಕಡ್ಡಿಗಳು. ಆಕೆಯ ಹತ್ತಿರ ಫೋನಿರಲಿಲ್ಲ. ಕೇಳಿದವರಿಗೆ, ‘ನನಗೆ ಆರು ಗುಂಡಿ ಸಾಕು’ ಅನ್ನುತ್ತಿದ್ದಳು.

“ಅಕ್ಕಾ, ಬೆಳಿಗ್ಗೆಯಿಂದ ಜನ ಏನು ಮಾತಾಡ್ಕೊಂಡು ಹತ್ತಿದ್ರು?”

“ಒಳಗೆ ಬಾರಪ್ಪ. ಐದಕ್ಕೆ ಹೋಗಿ ಬರೋಣ.”

ಐದಕ್ಕೆ ಹೋಗಿ ಬರುವಷ್ಟರಲ್ಲಿ, ಎರಡು ಹೆಣಿಗೆ ಸಾಲಿನ ನಡುವೆ, ಆಕೆ ಸಾವಿರದ ನೂರ ನಲವತ್ತಮೂರು ಮೆಸೇಜನ್ನು ಕಾಳು ಕೇರಿದಂತೆ ಕೇರಿಬಿಟ್ಟಳು. ಉತ್ತರದ ಟ್ಯಾಂಕಿನ ವಾಲ್ವು ಬಿಗಿದುಕೊಂಡಿದೆ, ಪಂಪಿನ ಎಂಜಿನಿಯರು ನೋಡೋಕೆ ಹೋಗ್ತಾರೆ. ಮೂರನೇ ಮಹಡಿಯ ಮುದ್ರಣ ಯಂತ್ರ ಕಾಗದ ನುಂಗಿದೆ. ಗುರುವಾರದ ಸಭೆ ಶುಕ್ರವಾರಕ್ಕೆ. ಅವನು ನಿಂತಲ್ಲೇ ಬರೆದುಕೊಂಡ. ಹತ್ತಕ್ಕೆ ಸರಿಯಾಗಿ ಹಾಳೆ ಹೊರಬಿತ್ತು. ಜನ ಓದಿ, ‘ಆಹಾ, ಏನು ಚುರುಕು’ ಎಂದರು. ಇಂಥ ಅಮೃತಧಾರೆ ಪಕ್ಕದಲ್ಲೇ ಹರಿಯುತ್ತಿರುವಾಗ ಇಷ್ಟು ವರ್ಷ ಕಣ್ಣು ಸವೆಸಿಕೊಂಡೆನಲ್ಲ ಎಂದು ಅವನಿಗೆ ನಗು ಬಂತು.

ಹನ್ನೆರಡಕ್ಕೆ ಮತ್ತೆ ಲಿಫ್ಟು ಹತ್ತಿದ.

“ಭಾರಿ ಸುದ್ದಿ,” ಎಂದಳು ಲಿಫ್ಟಕ್ಕ, ಕಡ್ಡಿ ನಿಲ್ಲಿಸದೆ. “ಉತ್ತರದ ಟ್ಯಾಂಕು ಬಿರುಕು ಬಿಟ್ಟಿದೆಯಂತೆ. ಒಬ್ಬರು ‘ಈಗಲೋ ಆಗಲೋ’ ಅಂದ್ರು. ಸಭೆ ಶುಕ್ರವಾರ ಅಲ್ಲ, ಇನ್ನು ಮೇಲೆ ಸಭೆಯೇ ಇಲ್ಲವಂತೆ. ಆಮೇಲೆ, ನಿಮ್ಮ ಮಹಡಿಯವರು ಯಾರೋ ಹಳಬರು ಉದ್ದ ರಜೆ ಹಾಕ್ತಾರಂತೆ. ಹತ್ತೊಂಬತ್ತು ವರ್ಷ ಕೇಳದವರು ಈಗ ಕೇಳಿದ್ದಾರೆ ಅಂದ್ರೆ ಏನೋ ದೊಡ್ಡದೇ ಇರ್ಬೇಕು ಅಂತ ಮೂರನೇ ಮಹಡಿಯವರ ಅಭಿಪ್ರಾಯ.”

“ಯಾರಕ್ಕ ಅದು?”

“ಹೆಸರು ಹೇಳಲಿಲ್ಲಪ್ಪ. ಲಿಫ್ಟಲ್ಲಿ ಯಾರು ಹೆಸರು ಹೇಳ್ತಾರೆ, ಬಾಗಿಲು ತೆರೆದ್ರೆ ಅವರೇ ನಿಂತಿರ್ತಾರಲ್ಲ?”

ಹಾಳೆಗೆ ಹೆಸರು ಬೇಕಾಗಿಯೂ ಇರಲಿಲ್ಲ. ಕೈಗಡಿಯಾರ ನೋಡುತ್ತ ಅವನು ಸರಸರ ಬರೆದ. ಉದ್ದ ರಜೆಯವರು ಯಾರಿರಬಹುದೆಂದು ಒಂದು ಗಳಿಗೆ ಯೋಚಿಸಿದ. ಮೂಲೆಯ ನಕ್ಷೆ ಗುಮಾಸ್ತನೇ ಇರಬೇಕು. ಪಾಪ, ಆತನಿಗೆ ಬೆನ್ನುನೋವು.

ಒಂದೂವರೆಗೆ ಪಂಪಿನ ಎಂಜಿನಿಯರು ಮೊಣಕಾಲವರೆಗೆ ಕೆಸರು ಮಾಡಿಕೊಂಡು ಬಂದು, ಎರಡನೇ ಹಾಳೆಯನ್ನು ಸಾರಾಂಶಪ್ಪನ ಮೇಜಿನ ಮೇಲೆ ಬಡಿದರು.

“ಏನ್ರೀ ಇದು? ನನ್ನ ಟ್ಯಾಂಕು ಬಿರುಕು ಬಿಟ್ಟಿರೋದು ನನಗೇ ಗೊತ್ತಿಲ್ಲ! ವಾಲ್ವು ಸರಿ ಮಾಡಿ ಕೈ ಒರೆಸ್ಕೊಳ್ತಿದ್ದೆ, ಮೂವತ್ತು ಜನ ಫೋನು. ಏಣಿ ಹಾಕ್ಕೊಂಡು ಹತ್ತಿದೆ. ಈ ಮಂಜಲ್ಲಿ ಬಿರುಕು ಹಾಗಿರ್ಲಿ, ಟ್ಯಾಂಕೇ ಕಾಣ್ಲಿಲ್ಲ! ತಬ್ಕೊಂಡು ಸುತ್ತು ಬಂದೆ ಕಣ್ರೀ, ತಬ್ಕೊಂಡು! ಗುಂಡುಕಲ್ಲಿನ ಹಾಗಿದೆ.”

“ಹಾಗಾದ್ರೆ ಬಿರುಕು ಅಂತ ಜನ...”

“ಜನ ಎಲ್ಲಿ ಓದಿದ್ರು? ನಿಮ್ಮ ಹಾಳೇಲಿ! ನೀವು ಎಲ್ಲಿ ಓದಿದ್ರಿ?”

ಸಾರಾಂಶಪ್ಪನಿಗೆ ಆಗ ಹೊಳೆದುಬಿಟ್ಟಿತು. ಹತ್ತು ಗಂಟೆಯ ಹಾಳೆಯನ್ನು ಜನ ಓದಿ, ಲಿಫ್ಟಿನಲ್ಲಿ ಅದಕ್ಕೆ ಉಪ್ಪು ಖಾರ ಹಚ್ಚಿದ್ದರು. ಲಿಫ್ಟಕ್ಕ ಅದನ್ನೇ ಅವನಿಗೆ ಬಡಿಸಿದ್ದಳು. ಅವನು ಅದನ್ನೇ ಮತ್ತೆ ಹಾಳೆಗೆ ಹಾಕಿದ್ದ. ತನ್ನ ನೆರಳಿಗೆ ತಾನೇ ಕೈಮುಗಿದು ಊರ ಸಮಾಚಾರ ಕೇಳಿದಂತಾಗಿತ್ತು.

ಆದರೆ ಗಂಟೆ ಎರಡಾಗುತ್ತ ಬಂದಿತ್ತು. ಫೋನಿನಲ್ಲಿ ಈಗ ಎರಡು ಸಾವಿರದ ಆರುನೂರು, ಅರ್ಧ ಮಂಜು, ಅರ್ಧ ಟ್ಯಾಂಕು. ಮೂರನೇ ಹಾಳೆ ಕೊಡದೆ ಹೊರಡುವಂತಿಲ್ಲ. ಕೊನೆಯದಾಗಿ ಒಂದೇ ಸಲ, ಬಹಳ ಎಚ್ಚರದಿಂದ, ಯಾರಿಗೂ ಕೇಡಾಗದ ಸುದ್ದಿ ಮಾತ್ರ ಆರಿಸಿಕೊಳ್ಳುತ್ತೇನೆ ಎಂದು ಮನಸ್ಸಿನಲ್ಲೇ ಆಣೆ ಇಟ್ಟು ಲಿಫ್ಟಿಗೆ ಹೋದ.

“ಟ್ಯಾಂಕು ಬೇಡ ಅಕ್ಕಾ. ಬೇರೆ ಏನಿದೆ?”

“ಬೇರೆ ಅಂದ್ರೆ, ನಿಮ್ಮ ಮಹಡಿಯ ಆ ಹಳಬರು ಕೆಲಸವನ್ನೇ ಬಿಡ್ತಾರಂತೆ. ಇವತ್ತೇ ಕೊನೇ ದಿನ. ಸಾಹೇಬರಿಗೂ ಈಗಷ್ಟೇ ಗೊತ್ತಾಯ್ತಂತೆ, ತುಂಬ ನೊಂದ್ಕೊಂಡ್ರು. ಮೂರು ಗಂಟೆಗೆ ಮೇಲಿನ ಸಭಾಂಗಣದಲ್ಲಿ ಬೀಳ್ಕೊಡುಗೆ. ಆಗ್ಲೇ ಕುರ್ಚಿ ಜೋಡಿಸ್ತಿದ್ದಾರೆ.”

ಕುರ್ಚಿ ಜೋಡಿಸುತ್ತಿದ್ದರೆ ಅದು ಗಾಳಿಮಾತಲ್ಲ. ಬೀಳ್ಕೊಡುಗೆಯಿಂದ ಯಾರಿಗೆ ಏನು ಕೇಡು? ಒಳ್ಳೆಯ ಮನಸ್ಸಿನಿಂದ ಅವನು ಅದನ್ನೇ ಮೊದಲನೇ ಸಾಲು ಮಾಡಿದ: ‘ಎರಡನೇ ಮಹಡಿಯ ಹಿರಿಯ ಗುಮಾಸ್ತರೊಬ್ಬರಿಗೆ ಇಂದು ಮೂರು ಗಂಟೆಗೆ ಬೀಳ್ಕೊಡುಗೆ. ಎಲ್ಲರ ಹಾಜರಿ ಕಡ್ಡಾಯ.’ ‘ಕಡ್ಡಾಯ’ ಎಂಬುದನ್ನು ಅವನೇ ಸೇರಿಸಿದ. ನಕ್ಷೆ ಗುಮಾಸ್ತನಿಗೆ ನಾಲ್ಕು ಜನ ಹೆಚ್ಚು ಬರಲಿ ಎಂದು.

ಎರಡೂ ಐವತ್ತಕ್ಕೆ ಫೋನು ಜೇಬಿಗಿಳಿಸಿ ಎದ್ದ. ಮಹಡಿಯಲ್ಲಿ ಒಂದು ನೊಣವೂ ಇರಲಿಲ್ಲ. ನೀರು ಕುಡಿದು ಬಂದು ಚೀಲ ಎತ್ತಿಕೊಳ್ಳಲು ನೋಡಿದರೆ ಅವನ ಕುರ್ಚಿಯೇ ಇಲ್ಲ. ಹೋಗಲಿ, ಕುರ್ಚಿ ಯಾರಿಗೆ ಬೇಕು ಎಂದುಕೊಂಡು ಲಿಫ್ಟಿಗೆ ಓಡಿದ. ಒಳಗೆ ಎಂಟು ಜನ. ಲಿಫ್ಟಕ್ಕ ಐದನೇ ಗುಂಡಿ ಒತ್ತಿದಳು.

“ಕೆಳಗೆ ಅಕ್ಕಾ, ಕೆಳಗೆ!”

“ಕಡ್ಡಾಯ ಅಂತ ನೀನೇ ಬರೆದಿದ್ದೀಯಲ್ಲಪ್ಪ. ಮುಖ ತೋರಿಸಿ ಇಳಿ. ಎರಡು ನಿಮಿಷ.”

ಬಾಗಿಲು ತೆರೆದಾಗ ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸಾರಾಂಶಪ್ಪ ನಕ್ಷೆ ಗುಮಾಸ್ತನಿಗೆ ದಾರಿ ಬಿಡಲು ಪಕ್ಕಕ್ಕೆ ಸರಿದ. ನಕ್ಷೆ ಗುಮಾಸ್ತ ಎದುರಿನ ಸಾಲಿನಲ್ಲಿ ನಿಂತು, ಒಂದು ಕೈ ಬೆನ್ನಿಗಿಟ್ಟುಕೊಂಡು, ತಾನೂ ಚಪ್ಪಾಳೆ ತಟ್ಟಲು ಪರದಾಡುತ್ತಿದ್ದ. ವೇದಿಕೆಯ ಮೇಲೆ ಕೆಂಪು ರಿಬ್ಬನ್ನು ಕಟ್ಟಿದ ಕುರ್ಚಿ. ಎಡಗಾಲು ಸ್ವಲ್ಪ ಗಿಡ್ಡ; ಅದಕ್ಕೆ ಮಡಚಿ ಇಟ್ಟ ಕಾಗದ. ಅದು ಅವನದೇ ಕುರ್ಚಿ.

“ನೆನಪಿನ ಕಾಣಿಕೆ ತರೋಕೆ ಹೊತ್ತಿರಲಿಲ್ಲ,” ಟಪಾಲಮ್ಮ ಕಣ್ಣೊರೆಸಿಕೊಂಡಳು. “ನಿಮಗೆ ಪ್ರೀತಿಯದ್ದೇ ಕೊಡೋಣ ಅಂತ.”

“ನಾನು ಎಲ್ಲಿಗೂ ಹೋಗ್ತಿಲ್ಲ!” ಎಂದ ಸಾರಾಂಶಪ್ಪ.

“ಪಾಪ,” ಎಂದಿತು ಸಭೆ. “ಬಿಟ್ಟು ಹೋಗೋಕೆ ಮನಸ್ಸು ಬರ್ತಿಲ್ಲ.”

“ಅಲ್ಲ, ನಾನು ಹೋಗ್ಬೇಕು! ಮೂರೂ ಇಪ್ಪತ್ತಕ್ಕೆ ಹೋಗ್ಲೇಬೇಕು!”

“ಗೊತ್ತು, ಗೊತ್ತು,” ಎಂದು ದೊಡ್ಡ ಸಾಹೇಬರು ಅವನ ಭುಜ ಹಿಡಿದು ಕೂರಿಸಿದರು. “ಹೋಗುವವರು ಹೋಗಲೇಬೇಕು. ಆದರೆ ನಾವು ಎರಡು ಮಾತು ಹೇಳದೆ ಕಳಿಸೋದುಂಟೇ?”

ಎರಡು ಮಾತು ಎಂದವರೇ ಮೈಕು ಹಿಡಿದರು. ಎಡಕ್ಕೆ ಕಿಟಕಿ. ಕಿಟಕಿಯಾಚೆ ಮಂಜು ನಿಧಾನವಾಗಿ ಕರಗುತ್ತಿತ್ತು. ಮೊದಲು ಎದುರಿನ ಸ್ಟ್ಯಾಂಡಿನ ಚಾವಣಿ ಕಂಡಿತು, ಆಮೇಲೆ ಹನ್ನೆರಡನೇ ನಂಬರಿನ ಬಸ್ಸು, ಆಮೇಲೆ ಮುಂದಿನ ಗಾಜಿನ ಹಿಂದೆ ನೀಲಿ ಅಂಗಿಯ ಎರಡು ತೋಳು. ತೋಳುಗಳು ಅಲುಗಲಿಲ್ಲ. ಗಡಿಯಾರ ಮೂರೂ ಇಪ್ಪತ್ತು ತೋರಿಸಿತು. ಬಸ್ಸು ಒಂದು ನಿಮಿಷ ನಿಂತೇ ಇತ್ತು. ಆಮೇಲೆ ಒಂದೇ ಒಂದು ಸಲ ಹಾರ್ನು ಹೊಡೆದು, ಮುಚ್ಚಳ ತಿರುಗಿಸಿದಷ್ಟೇ ಸಲೀಸಾಗಿ ತಿರುವು ತೆಗೆದುಕೊಂಡು ಹೊರಟುಹೋಯಿತು. ಸಾರಾಂಶಪ್ಪನ ಬಾಯಿಂದ ‘ಬರ್ಲಿ ಬರ್ಲಿ’ ಎಂಬ ಮಾತು ತಾನಾಗಿ ಹೊರಬಿತ್ತು. ಭಾಷಣ ಮುಂದುವರಿಸಲು ಹೇಳುತ್ತಿದ್ದಾನೆಂದುಕೊಂಡು ಸಾಹೇಬರು ಇನ್ನೂ ಅರ್ಧ ಗಂಟೆ ಮುಂದುವರಿಸಿದರು.

ಆಮೇಲೆ ಒಂದೊಂದು ಮಹಡಿಯವರೂ ಮಾತಾಡಿದರು. ಅವನು ತಲೆ ತಗ್ಗಿಸಿ ಕೂತಿದ್ದ. ಮೊದಮೊದಲು ಕಿವಿಗೆ ಏನೂ ಬೀಳಲಿಲ್ಲ. ನಿಧಾನವಾಗಿ ಬೀಳತೊಡಗಿತು. ನಾಲ್ಕನೇ ಮಹಡಿಯಾಕೆಯೊಬ್ಬಳು, ತನ್ನ ಅಮ್ಮ ಆಸ್ಪತ್ರೆಯಲ್ಲಿದ್ದ ತಿಂಗಳು ತಾನು ಬೇರೆ ಏನನ್ನೂ ಓದದೆ ಈ ಹತ್ತು ಸಾಲಿನ ಮೇಲೆಯೇ ಕೆಲಸ ನಡೆಸಿದೆನೆಂದಳು. ಇನ್ನೊಬ್ಬ ಒಂಬತ್ತು ವರ್ಷದ ಹಾಳೆಗಳನ್ನು ಕಟ್ಟಿಟ್ಟಿದ್ದಾನಂತೆ. ಕೆಸರು ಕಾಲಿನ ಎಂಜಿನಿಯರು ಎದ್ದು, “ಇವತ್ತಿನ ಟ್ಯಾಂಕೊಂದು ಬಿಟ್ರೆ, ಇವರ ಹಾಳೆ ಯಾವತ್ತೂ ಸುಳ್ಳು ಹೇಳಿಲ್ಲ,” ಎಂದು ಕೂತರು. ಇಷ್ಟು ವರ್ಷ ಬಾವಿಯೊಳಗೆ ಕೂಗಿದವನಿಗೆ ಒಂದೇ ಮಧ್ಯಾಹ್ನ ಎಲ್ಲ ಪ್ರತಿಧ್ವನಿಯೂ ವಾಪಸು ಬಂದಂತಾಯಿತು.

ಐದು ಗಂಟೆಗೆ ಮೈಕು ಅವನ ಕೈಗೆ ಬಂತು.

“ನೀವೆಲ್ಲ ಹೇಳಿದ್ದಕ್ಕೆ ನಾನು ಋಣಿ,” ಎಂದ. “ಆದರೆ ನಾನು ಕೇಳಿದ್ದು ಅರ್ಧ ದಿನ ರಜೆ. ನನ್ನ ಹೆಂಡತಿ ಇವತ್ತು ಮೊದಲ ಸಲ ಬಸ್ಸು ಓಡಿಸಿದಳು. ನಾನು ಅವಳ ಹಿಂದಿನ ಸೀಟಲ್ಲಿ ಕೂತಿರ್ಬೇಕಿತ್ತು. ಈ ಬೀಳ್ಕೊಡುಗೆಯ ಸುದ್ದೀನ ಹಾಳೇಲಿ ಹಾಕಿದವನೂ ನಾನೇ. ಅದು ನನ್ನದೇ ಅಂತ ನನಗೇ ಗೊತ್ತಿರಲಿಲ್ಲ.”

ಟಪಾಲಮ್ಮ ತನ್ನ ಲೋಟದೊಳಗೆ ಏನನ್ನೋ ಹುಡುಕತೊಡಗಿದಳು.

“ಅರ್ಜಿ ಕಳಿಸಿದ್ರಾ?” ಸಾಹೇಬರ ದನಿ ಸಣ್ಣದಾಗಿತ್ತು.

“ಮೂರು ಸಲ ಸಾರ್.”

ಸಾಹೇಬರು ಫೋನು ತೆಗೆದು ಬೆರಳಾಡಿಸಿದರು. ಬಿಳಿ ಚೌಕ, ಬಿಳಿ ಚೌಕ, ಟ್ಯಾಂಕು, ಬಿಳಿ ಚೌಕ. ಐದು ನಿಮಿಷ, ಹತ್ತು ನಿಮಿಷ. “ಇದೆ,” ಎಂದರು ಕೊನೆಗೆ. “ಮಂಜಿನ ಕೆಳಗಿತ್ತು.”

ಯಾರೋ ಕಿಸಕ್ಕೆಂದರು. ಆಮೇಲೆ ಸಭೆಯೇ ನಕ್ಕಿತು, ಸಾರಾಂಶಪ್ಪನೂ ನಕ್ಕ. ಸಾಹೇಬರು ಅರ್ಜಿಯನ್ನು ಕಾಗದಕ್ಕೆ ಇಳಿಸಿ, ತಮ್ಮ ಪ್ರಾಯಶ್ಚಿತ್ತವೆಂಬಂತೆ ದಪ್ಪ ಅಕ್ಷರದಲ್ಲಿ ಬರೆದರು: ‘ಇಂದು ಎರಡು ಗಂಟೆಯಿಂದ ರಜೆ ಮಂಜೂರು.’ ಆಗ ಗಂಟೆ ಐದೂ ಇಪ್ಪತ್ತು. ಕಚೇರಿ ಮುಚ್ಚುವುದು ಐದೂವರೆಗೆ. ಹೀಗೆ ಸಾರಾಂಶಪ್ಪ ಹತ್ತೊಂಬತ್ತು ವರ್ಷದಲ್ಲಿ ತೆಗೆದುಕೊಂಡ ಮೊದಲ ರಜೆಯನ್ನು ಪೂರ್ತಿಯಾಗಿ ಕಚೇರಿಯಲ್ಲೇ ಕಳೆದಂತಾಯಿತು. ಟಪಾಲಮ್ಮ ಓಡಿಹೋಗಿ ರಜೆ ಪುಸ್ತಕದಲ್ಲಿ ಅರ್ಧ ದಿನ ಕಳೆದೂ ಬಿಟ್ಟಳು, ಸಹಾಯವಾಗಲಿ ಎಂದು.

“ಒಂದು ವಿಷಯ ಗಮನಿಸಿದ್ರಾ?” ಪಂಪಿನ ಎಂಜಿನಿಯರು ತಮ್ಮ ಫೋನು ಎತ್ತಿ ತೋರಿಸಿದರು. “ಮೂರು ಗಂಟೆಯಿಂದ ಒಂದೂ ಮೆಸೇಜು ಬಂದಿಲ್ಲ. ಎಲ್ಲರೂ ಇಲ್ಲೇ ಇದ್ದೀವಲ್ಲ! ಪೈಪಿನವರ ಜೊತೆ ಒಂದು ತಿಂಗಳಿಂದ ಮೆಸೇಜಲ್ಲಿ ಗುದ್ದಾಡ್ತಿದ್ದ ವಿಷಯ, ಈಗ ಪಕ್ಕದ ಕುರ್ಚೀಲಿ ಕೂತು ಇತ್ಯರ್ಥ ಆಯ್ತು.”

ಸಾಹೇಬರ ಕಣ್ಣು ಹೊಳೆಯಿತು. “ಹಾಗಾದ್ರೆ ಇನ್ನು ಮೇಲೆ ವಾರಕ್ಕೊಂದು ಬೀಳ್ಕೊಡುಗೆ! ಯಾರೂ ಕೆಲಸ ಬಿಡೋದು ಬೇಡ, ಸುಮ್ಮನೆ ಮಾಡೋಣ. ಉಸ್ತುವಾರಿ ಸಾರಾಂಶಪ್ಪನವರದ್ದು. ಹಾಳೆಯೂ ದಿನಕ್ಕೆ ಮೂರಿರಲಿ, ಚೆನ್ನಾಗಿತ್ತು.”

ಚಪ್ಪಾಳೆಯ ನಡುವೆ ಸಾರಾಂಶಪ್ಪ ತನ್ನ ಕುರ್ಚಿಯನ್ನು ತಾನೇ ಹೊತ್ತುಕೊಂಡು ಎರಡನೇ ಮಹಡಿಗೆ ಇಳಿದ.

ಐದೂ ಐವತ್ತಕ್ಕೆ ಹನ್ನೆರಡನೇ ನಂಬರು ಸುತ್ತು ಮುಗಿಸಿ ಸ್ಟ್ಯಾಂಡಿಗೆ ಬಂತು. ಅವನು ಹತ್ತಿ, ಖಾಲಿಯಿದ್ದ ಮೊದಲ ಸೀಟಿನಲ್ಲಿ ಕೂತು, ಮುಂದಿನ ಕನ್ನಡಿಯಲ್ಲಿ ಹೆಂಡತಿಯ ಕಣ್ಣು ಹುಡುಕಿದ. ನಡೆದದ್ದನ್ನೆಲ್ಲ ಹೇಳಿದ. ತನಗೆ ತಾನೇ ಬೀಳ್ಕೊಡುಗೆ ಕಡ್ಡಾಯ ಮಾಡಿಕೊಂಡ ಜಾಗಕ್ಕೆ ಬರುವಷ್ಟರಲ್ಲಿ ಆಕೆ ಸ್ಟೀರಿಂಗಿನ ಮೇಲೆ ಹಣೆಯಿಟ್ಟು ನಗುತ್ತಿದ್ದಳು.

“ನನ್ನ ಮೇಲೆ ಕೋಪ ಇಲ್ವಾ?”

“ಒಂದು ನಿಮಿಷ ಇತ್ತು. ನಿಮಗೋಸ್ಕರ ಕಾದ ಆ ನಿಮಿಷ. ಆಮೇಲೆ ನಿಮ್ಮ ಸೀಟಲ್ಲಿ ಒಬ್ಬ ಅಜ್ಜ ಕೂತ, ಕೊನೇ ಸ್ಟಾಪಿನವರೆಗೂ ನನಗೆ ಬಸ್ಸು ಓಡಿಸೋದು ಹೇಳ್ಕೊಟ್ಟ. ನಿಮ್ಮ ಕೊರತೆ ಕಾಣಲಿಲ್ಲ ಬಿಡಿ.” ಕಣ್ಣೊರೆಸಿಕೊಂಡು ಮೆಲ್ಲಗೆ, “ತಿರುವುಗಳೆಲ್ಲ ಚೆನ್ನಾಗಿ ಬಂದವು ಕಣ್ರೀ,” ಎಂದಳು.

“ನೋಡಿದೆ. ಮೇಲಿಂದ ನೋಡಿದೆ. ಮಧ್ಯಾಹ್ನದ ಸರದಿ ನಾಳೆಯೂ ಇದೆಯಲ್ಲ, ಹೇಗಾದ್ರೂ...”

“ನಾಳೆ ನನಗೆ ವಾರದ ರಜೆ. ಮನೇಲಿರ್ತೀನಿ. ನಾಡಿದ್ದಿನಿಂದ ಬೆಳಿಗ್ಗೆ ಐದರ ಸರದಿ.”

ಅಷ್ಟರಲ್ಲಿ ಯಾರೋ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದರು. ದೊಡ್ಡ ಸಾಹೇಬರು. ತಲೆಗೂದಲು ಕೆದರಿತ್ತು, ಹೆಬ್ಬೆರಳಿಗೆ ಕೆಂಪು ಮಸಿ. ಚಾಲಕಿಗೆ ತಲೆಬಾಗಿ, ಸಾರಾಂಶಪ್ಪನ ಕೈಗೆ ಮಡಚಿದ ಒಂದು ಕಾಗದ ಇಟ್ಟರು. ಅದೇ ಅರ್ಜಿ. ‘ಇಂದು’ ಎಂಬುದನ್ನು ಹೊಡೆದುಹಾಕಿ, ಮೇಲೆ ‘ನಾಳೆ’ ಎಂದು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದ್ದರು. ಸಾರಾಂಶಪ್ಪ ಓದಿ ತಲೆಯೆತ್ತಿದ. ಕನ್ನಡಿಯಲ್ಲಿ ಹೆಂಡತಿಯ ಕಣ್ಣುಗಳು ಮತ್ತೆ ನಗಲು ಶುರುಮಾಡಿದ್ದವು.

“ನಿಮ್ಮದು ನಿಮಗೆ,” ಎಂದರು ಸಾಹೇಬರು, ಬೇರೆ ಯಾರಿಗೂ ಕೇಳದ ದನಿಯಲ್ಲಿ. “ಗ್ರೂಪಿಗೆ ಹಾಕಲಿಲ್ಲ. ಕೈಯಲ್ಲೇ ತಂದೆ.”